ಬೆಂಗಳೂರಿನಿಂದ ದೂರದ ಹಾರಾಟ: ಯಾವ ಸೀಟಿಗೆ ಹೆಚ್ಚು ದುಡ್ಡು ಕೊಡಬಹುದು, ಯಾವುದಕ್ಕೆ ಬೇಡ

ಬೆಂಗಳೂರಿನಿಂದ ಯುರೋಪಿಗೂ ಕೊಲ್ಲಿ ದೇಶಗಳಿಗೂ ಹೋಗುವ ಅನೇಕ ವಿಮಾನಗಳು ಹೊರಡುವುದು ನಡುರಾತ್ರಿ ಕಳೆದ ಮೇಲೆ. ರಾತ್ರಿ ಹತ್ತಕ್ಕೆ ಮನೆ ಬಿಟ್ಟು, ದೇವನಹಳ್ಳಿ ಮುಟ್ಟಿ, ಎಲ್ಲ ಸಾಲುಗಳನ್ನೂ ದಾಟಿ ಸೀಟಿನಲ್ಲಿ ಕೂರುವ ಹೊತ್ತಿಗೆ ಮೂರು ಗಂಟೆ. ವಿಮಾನ ಮೇಲೇರಿ ಸುಮಾರು ಒಂದು ಗಂಟೆಗೆ ಊಟದ ಗಾಡಿ ಬರುತ್ತದೆ. ತಟ್ಟೆ ಎತ್ತಿ ದೀಪ ಆರಿಸುವಾಗ ನಮ್ಮ ಗಡಿಯಾರದಲ್ಲಿ ಐದು ದಾಟಿರುತ್ತದೆ. ಆದ್ದರಿಂದ ಈ ದಾರಿಯಲ್ಲಿ ಹೆಚ್ಚಿನ ದುಡ್ಡಿಗೆ ಸಿಗುವ ನಿಜವಾದ ಸರಕು ಎಂದರೆ ನಿದ್ದೆ ಮತ್ತು ಮಂಡಿಗೆ ಜಾಗ. ಊಟ, ಪಾನೀಯ, ಗಗನಸಖಿಯರ ಉಪಚಾರ ಎಲ್ಲ ಅದರ ಹಿಂದೆ ಬರುವ ಮಾತು. ಕೆಳಗಿನ ಹೋಲಿಕೆ ಪೂರ್ತಿ ಈ ಒಂದು ಅಳತೆಗೋಲಿನ ಮೇಲೆ ನಿಂತಿದೆ.

ಮೊದಲು ವಿಮಾನ ನೋಡಿ

ಬಹಳ ಜನ ಕಂಪನಿ ನೋಡುತ್ತಾರೆ, ದರ ನೋಡುತ್ತಾರೆ, ವಿಮಾನದ ಮಾದರಿ ನೋಡುವುದಿಲ್ಲ. ಟಿಕೆಟ್ ಹುಡುಕುವ ಪುಟದಲ್ಲಿ ವಿಮಾನದ ಹೆಸರು ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತದೆ. ಒಂದು ರೂಪಾಯಿ ಹೆಚ್ಚು ಕೊಡದೆ ಸುಖ ಹೆಚ್ಚಿಸಿಕೊಳ್ಳುವ ದಾರಿ ಅಲ್ಲಿದೆ.

ಬೋಯಿಂಗ್ 777ರ ಎಕಾನಮಿಯಲ್ಲಿ ಈಗ ಹೆಚ್ಚಿನ ಕಂಪನಿಗಳು ಒಂದು ಸಾಲಿಗೆ 3-4-3, ಅಂದರೆ ಹತ್ತು ಸೀಟು ಹಾಕುತ್ತವೆ (ಗೆರೆ ಇರುವಲ್ಲಿ ನಡುದಾರಿ). ಸೀಟಿನ ಅಗಲ ಸುಮಾರು 17 ಇಂಚು, ಪಕ್ಕದವರ ಭುಜ ತಾಗುತ್ತಲೇ ಇರುತ್ತದೆ. ಏರ್‌ಬಸ್ ಎ380ಯಲ್ಲೂ ಕೆಳ ಅಂತಸ್ತಿನಲ್ಲಿ ಹತ್ತೇ ಸೀಟು, ಆದರೆ ವಿಮಾನದ ಒಡಲು ಅಗಲವಾದ್ದರಿಂದ ಸೀಟು ಸುಮಾರು 18 ಇಂಚು. ಎ330ಯಲ್ಲಿ 2-4-2, ಗಂಡ ಹೆಂಡತಿ ಇಬ್ಬರೇ ಹೋಗುವುದಾದರೆ ಕಿಟಕಿ ಕಡೆಯ ಜೋಡಿ ಸೀಟು ಸಿಕ್ಕರೆ ಮೂರನೆಯವರನ್ನು ಎಬ್ಬಿಸುವ ಗೋಜಿಲ್ಲ. ಬೋಯಿಂಗ್ 787ರಲ್ಲಿ ಸಾಮಾನ್ಯವಾಗಿ 3-3-3. ಇದಕ್ಕೆ ಒಂದು ಒಳ್ಳೆಯ ಅಪವಾದವಿದೆ: ಜಪಾನ್ ಏರ್‌ಲೈನ್ಸ್ ತನ್ನ ಅಂತಾರಾಷ್ಟ್ರೀಯ 787ಗಳಲ್ಲಿ 2-4-2 ಇಟ್ಟಿದೆ, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚು ಬಿಟ್ಟಿದೆ. ಬೆಂಗಳೂರಿನಿಂದ ಟೋಕಿಯೋ ಮೂಲಕ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗುವವರು ಇದನ್ನು ಹೋಲಿಸಿ ನೋಡಲೇಬೇಕು. ಎಕಾನಮಿ ದರಕ್ಕೆ ಇಷ್ಟು ಜಾಗ ಕೊಡುವವರು ಕಡಿಮೆ.

787 ಮತ್ತು ಎ350ಗಳಿಗೆ ಇನ್ನೊಂದು ಗುಣವಿದೆ. ಹಳೆಯ ವಿಮಾನಗಳ ಒಳಗಿನ ಗಾಳಿಯ ಒತ್ತಡ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟು ಇಳಿಯಬಹುದು. ಇವುಗಳಲ್ಲಿ ಅದನ್ನು 6,000 ಅಡಿಯ ಮಟ್ಟದಲ್ಲಿ ಇಡುತ್ತಾರೆ. ಗಾಳಿಯ ತೇವವೂ ಸ್ವಲ್ಪ ಹೆಚ್ಚು. ತಲೆನೋವು, ಗಂಟಲು ಒಣಗುವುದು ಕಡಿಮೆಯಾಗುತ್ತದೆ. ಈ ಲಾಭಕ್ಕೆ ಕ್ಲಾಸಿನ ಭೇದವಿಲ್ಲ, ಕೊನೆಯ ಸಾಲಿನವರಿಗೂ ಸಿಗುತ್ತದೆ.

777ರಲ್ಲೇ ಹೋಗಬೇಕಾಗಿ ಬಂದರೆ ಸೀಟ್ ಮ್ಯಾಪಿನಲ್ಲಿ ಕೊನೆಯ ಎರಡು ಮೂರು ಸಾಲು ನೋಡಿ. ಬಾಲದ ಕಡೆ ಒಡಲು ಕಿರಿದಾಗುವುದರಿಂದ ಹಲವು ಕಂಪನಿಗಳ 777ಗಳಲ್ಲಿ ಅಲ್ಲಿ 2-4-2 ಆಗುತ್ತದೆ. ಶೌಚಾಲಯ ಹತ್ತಿರ, ಅಡುಗೆ ಮೂಲೆಯ ಸದ್ದು ಇದೆ, ಇಳಿಯುವಾಗ ತಡ. ಆದರೂ ವಯಸ್ಸಾದ ದಂಪತಿಗೆ ಆ ಜೋಡಿ ಸೀಟು ಒಳ್ಳೆಯದು.

ಎಕಾನಮಿಯಲ್ಲೇ ಕಾಲಿಗೆ ಹೆಚ್ಚು ಜಾಗದ ಸೀಟು

ದೂರದ ವಿಮಾನಗಳ ಎಕಾನಮಿಯಲ್ಲಿ ಸಾಲಿನಿಂದ ಸಾಲಿಗೆ ಅಂತರ ಸಾಮಾನ್ಯವಾಗಿ 31–32 ಇಂಚು. ಹೆಚ್ಚುವರಿ ಲೆಗ್‌ರೂಮ್ ಎಂದು ಮಾರುವ ಸೀಟುಗಳಲ್ಲಿ ಮೂರು ಬಗೆ ಇವೆ, ಮೂರೂ ಬೇರೆ ಬೇರೆ.

ಮೊದಲನೆಯದು, ಮಾಮೂಲಿ ಸಾಲನ್ನೇ 34–35 ಇಂಚಿಗೆ ದೂರ ಮಾಡಿದ್ದು. ತೊಂದರೆ ಇಲ್ಲದ ಆಯ್ಕೆ. ಆರು ಅಡಿ ಎತ್ತರದವರು ಕಣ್ಣು ಮುಚ್ಚಿ ತೆಗೆದುಕೊಳ್ಳಬಹುದು.

ಎರಡನೆಯದು, ತುರ್ತು ಬಾಗಿಲಿನ ಸಾಲು. ಕಾಲು ಪೂರ್ತಿ ಚಾಚಬಹುದು. ಆದರೆ ವಿಮಾನ ಏರುವಾಗ, ಇಳಿಯುವಾಗ ಕೈಚೀಲ ಕಾಲ ಬಳಿ ಇಡುವಂತಿಲ್ಲ, ಎಲ್ಲ ಮೇಲಿನ ಗೂಡಿಗೆ ಹೋಗಬೇಕು. ಮಕ್ಕಳು, ಗರ್ಭಿಣಿಯರು, ವೀಲ್‌ಚೇರ್ ಕೇಳಿದವರು ಅಲ್ಲಿ ಕೂರುವಂತಿಲ್ಲ. ಅಮ್ಮನಿಗೆ ಮಂಡಿನೋವು ಎಂದು ಈ ಸೀಟಿಗೆ ದುಡ್ಡು ಕಟ್ಟಿ, ಜೊತೆಗೆ ವೀಲ್‌ಚೇರ್ ಕೂಡ ಕೇಳಿದರೆ ಗೇಟಿನಲ್ಲಿ ಸೀಟು ಬದಲಾಗುತ್ತದೆ. ಇದು ಪದೇ ಪದೇ ಆಗುವ ತಪ್ಪು. ಬಾಗಿಲ ಪಕ್ಕದ ಸೀಟಿಗೆ ಚಳಿಯೂ ಹೆಚ್ಚು. ಸಣ್ಣ ವಿಮಾನಗಳಲ್ಲಿ ಎರಡು ತುರ್ತು ಸಾಲು ಒಂದರ ಹಿಂದೆ ಒಂದು ಇದ್ದರೆ ಮುಂದಿನ ಸಾಲಿನ ಬೆನ್ನು ಹಿಂದಕ್ಕೆ ಬಾಗುವುದಿಲ್ಲ. ಕೊಳ್ಳುವುದಾದರೆ ಎರಡನೆಯದು ಕೊಳ್ಳಿ.

ಮೂರನೆಯದು, ಅಡ್ಡಗೋಡೆಯ ಹಿಂದಿನ ಮೊದಲ ಸಾಲು. ತಟ್ಟೆ ಇಡುವ ಹಲಗೆಯೂ ಟಿವಿಯೂ ಕೈಯಾಸರೆಯ ಒಳಗೆ ಮಡಚಿರುವುದರಿಂದ ಆ ಕೈಯಾಸರೆ ಮೇಲೆತ್ತಲು ಬರುವುದಿಲ್ಲ, ಸೀಟೂ ಅಷ್ಟು ಕಿರಿದಾಗುತ್ತದೆ. ಸ್ಥೂಲಕಾಯದವರಿಗೆ ಇದು ಬೇಡ. ಕೂಸಿನ ತೊಟ್ಟಿಲು ಸಿಕ್ಕಿಸುವುದೂ ಈ ಗೋಡೆಗೇ. ಪಕ್ಕದಲ್ಲಿ ಎಳೆಮಗು ಇರುವ ಸಂಭವ ಹೆಚ್ಚು. ಕೂಸು ನಿಮ್ಮದೇ ಆಗಿದ್ದರೆ ಮಾತು ಬೇರೆ: ತೊಟ್ಟಿಲನ್ನು ಆನ್‌ಲೈನಿನಲ್ಲಿ ಕೇಳಿ ಸುಮ್ಮನಾಗದೆ ಕಂಪನಿಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ತೂಕದ ಮಿತಿ ಕಂಪನಿಯಿಂದ ಕಂಪನಿಗೆ 10ರಿಂದ 14 ಕಿಲೋ ತನಕ ಬದಲಾಗುತ್ತದೆ.

ದುಡ್ಡು ಕೊಡುವ ಮುಂಚೆ ಇನ್ನೆರಡು ಸಂಗತಿ ನೋಡಿ. ಕೆಲವು ಸೀಟುಗಳ ಕೆಳಗೆ ಟಿವಿಯ ಯಂತ್ರದ ಡಬ್ಬಿ ಕೂತಿರುತ್ತದೆ, ಒಂದು ಪಾದಕ್ಕೆ ಜಾಗ ಇರುವುದಿಲ್ಲ. ಕೆಲವು ‘ಕಿಟಕಿ ಸೀಟಿ’ಗೆ ಕಿಟಕಿಯೇ ಇರುವುದಿಲ್ಲ. ಸೀಟ್ ಮ್ಯಾಪಿನಲ್ಲಿ ಇವು ಕಾಣದೆ ಹೋಗಬಹುದು. ಅದೇ ಕಂಪನಿಯ ಅದೇ ಮಾದರಿಯ ವಿಮಾನದ ಒಳಗಿನ ಫೋಟೋ, ವಿಡಿಯೋ ಹುಡುಕಿದರೆ ಸಿಗುತ್ತವೆ.

ಪ್ರೀಮಿಯಂ ಎಕಾನಮಿ: ಹೆಸರು ಒಂದೇ, ಸರಕು ಬೇರೆ

ಇದು ಎಕಾನಮಿಗೂ ಬಿಸಿನೆಸ್‌ಗೂ ನಡುವಿನ ವರ್ಗ. ಬ್ರಿಟಿಷ್ ಏರ್‌ವೇಸ್, ಲುಫ್ತಾನ್ಸಾ, ವರ್ಜಿನ್ ಅಟ್ಲಾಂಟಿಕ್‌ಗಳಲ್ಲಿ ಸಾಲುಗಳ ಅಂತರ 38 ಇಂಚು. ಎಮಿರೇಟ್ಸ್‌ನಲ್ಲಿ 40 ಇಂಚು, ಸೀಟಿನ ಅಗಲ 19.5 ಇಂಚು, ಮೀನಖಂಡಕ್ಕೂ ಆಸರೆ. ಎ380ಯಲ್ಲಿ 56 ಸೀಟು, 2-4-2. ಬೆಂಗಳೂರಿಗೆ ಎಮಿರೇಟ್ಸ್‌ನ ಎ380 ಬಂದದ್ದು 2022ರ ಅಕ್ಟೋಬರಿನಲ್ಲಿ, ಪ್ರೀಮಿಯಂ ಎಕಾನಮಿ ಸೇರಿದ್ದು ಮರುವರ್ಷ ಅದೇ ತಿಂಗಳಲ್ಲಿ. ದಿನಕ್ಕೆ ಹಲವು ವಿಮಾನ ಬಿಡುವ ಕಂಪನಿಯಾದ್ದರಿಂದ ಒಂದು ಹೊತ್ತಿನ ವಿಮಾನದಲ್ಲಿ ಇರುವ ಸೀಟು ಇನ್ನೊಂದರಲ್ಲಿ ಇರದೆ ಹೋಗಬಹುದು, ಸಮಯ ಬದಲಿಸಿ ನೋಡಿ. ಕತಾರ್ ಮತ್ತು ಎತಿಹಾದ್‌ನಲ್ಲಿ ಈ ವರ್ಗವೇ ಇಲ್ಲ. ಸಿಂಗಾಪುರ ಏರ್‌ಲೈನ್ಸ್‌ನ ಮಧ್ಯಮ ದೂರದ ಎ350ಗಳಲ್ಲೂ ಇಲ್ಲ. ಹಾಗಾಗಿ ಸಿಂಗಾಪುರದ ಮೂಲಕ ಹೋಗುವಾಗ ಮೊದಲ ನಾಲ್ಕೂವರೆ ಗಂಟೆ ಎಕಾನಮಿ, ಮುಂದಿನ ಉದ್ದದ ಹಾರಾಟಕ್ಕೆ ಮಾತ್ರ ಪ್ರೀಮಿಯಂ ಆಗಬಹುದು. ಟಿಕೆಟಿನಲ್ಲಿ ಪ್ರತಿ ಹಂತದ ವರ್ಗ ಬೇರೆ ಬೇರೆ ಬರೆದಿರುತ್ತಾರೆ. ಅದನ್ನು ಓದಿಯೇ ದುಡ್ಡು ಕಟ್ಟಿ.

ಇದರಲ್ಲಿ ಸಿಗುವುದು ಒಳ್ಳೆಯ ಕುರ್ಚಿ. ಹಾಸಿಗೆ ಸಿಗುವುದಿಲ್ಲ. ಬೆನ್ನು ಎಕಾನಮಿಗಿಂತ ಹೆಚ್ಚು ಬಾಗುತ್ತದೆ, ಆದರೂ ಕೂತೇ ಮಲಗಬೇಕು. ಕೂತು ನಿದ್ದೆ ಬರುವವರಿಗೆ ಇದು ದುಡ್ಡಿಗೆ ತಕ್ಕ ಸರಕು. ಕೆಎಸ್ಆರ್‌ಟಿಸಿ ಐರಾವತದಲ್ಲಿ ಬೆಳಗಿನ ತನಕ ನಿದ್ದೆ ಹೊಡೆಯುವವರು ಈ ಗುಂಪು. ಅಡ್ಡಲಾಗದೆ ಕಣ್ಣು ಮುಚ್ಚದವರಿಗೆ ಇದರಿಂದ ಬೆನ್ನುನೋವು ತಪ್ಪೀತು, ನಿದ್ದೆ ಬರಲಾರದು. ಏರ್ ಫ್ರಾನ್ಸ್‌ನ ಹಲವು ಪ್ರೀಮಿಯಂ ಸೀಟುಗಳು ಗಟ್ಟಿ ಚಿಪ್ಪಿನೊಳಗೆ ಜಾರುವಂಥವು: ಮುಂದಿನವರ ಬೆನ್ನು ನಿಮ್ಮ ಮೇಲೆ ಬರುವುದಿಲ್ಲ, ಆದರೆ ನೀವು ಬಾಗಿದಾಗ ನಿಮ್ಮದೇ ಕಾಲಿನ ಜಾಗ ಕಡಿಮೆಯಾಗುತ್ತದೆ.

ಲೌಂಜ್, ಅಂದರೆ ವಿಮಾನ ನಿಲ್ದಾಣದ ವಿಶ್ರಾಂತಿ ಕೋಣೆ, ಸಾಮಾನ್ಯವಾಗಿ ಈ ಟಿಕೆಟಿಗೆ ಸೇರಿರುವುದಿಲ್ಲ.

ಬಿಸಿನೆಸ್: ಅಂಕಿಗಳನ್ನು ಓದುವುದು

ಇಲ್ಲಿ ನೋಡಬೇಕಾದ್ದು ಸಾಲಿನ ವಿನ್ಯಾಸ. 1-2-1 ಇದ್ದರೆ ಪ್ರತಿಯೊಬ್ಬರಿಗೂ ನಡುದಾರಿಗೆ ನೇರ ಪ್ರವೇಶ, ಯಾರನ್ನೂ ದಾಟಬೇಕಿಲ್ಲ. 2-2-2 ಇದ್ದರೆ ಕಿಟಕಿಯವರು ಮಲಗಿದ ನೆರೆಯವರ ಕಾಲು ದಾಟಬೇಕು. ಎಮಿರೇಟ್ಸ್‌ನ ನವೀಕರಿಸದ 777ಗಳಲ್ಲಿ 2-3-2, ಅಂದರೆ ಬಿಸಿನೆಸ್ ದರ ಕೊಟ್ಟೂ ನಡುವಿನ ಸೀಟು ಬರಬಹುದು! ಅದೇ ಕಂಪನಿಯ ಎ380ಯಲ್ಲಿ 1-2-1. ದರ ಹೆಚ್ಚುಕಡಿಮೆ ಒಂದೇ ಇದ್ದಾಗ ಯಾವುದು ತೆಗೆದುಕೊಳ್ಳಬೇಕೆಂದು ಹೇಳಬೇಕಾಗಿಲ್ಲ. ಕತಾರ್‌ನ ಬಾಗಿಲುಳ್ಳ ಕ್ಯೂಸೂಟ್ ಎಂಬ ಸೀಟು 2017ರಿಂದ ಇದೆ, ಆದರೆ ಆ ಕಂಪನಿಯ ಎಲ್ಲ ವಿಮಾನಗಳಲ್ಲೂ ಇಲ್ಲ. ಸೀಟ್ ಮ್ಯಾಪ್ ತೆರೆದು ಎಣಿಸಿ.

ಜೋಡಿಯಾಗಿ ಹೋಗುವವರು 1-2-1ರ ನಡುವಿನ ಜೋಡಿ ತೆಗೆದುಕೊಳ್ಳಲಿ. ಕಾಲು ಚಾಚುವ ಗೂಡು ಹಲವು ವಿನ್ಯಾಸಗಳಲ್ಲಿ ಇಕ್ಕಟ್ಟು. ಮೊದಲ ಸಾಲಿನ ಸೀಟುಗಳಲ್ಲಿ ಅದು ಹೆಚ್ಚಾಗಿ ದೊಡ್ಡದಿರುತ್ತದೆ. ವಯಸ್ಸಾದವರಿಗೆ ಒಂದು ಕಷ್ಟವಿದೆ: ಚಪ್ಪಟೆಯಾದ ಹಾಸಿಗೆ ನೆಲಕ್ಕೆ ಹತ್ತಿರ ಇಳಿಯುತ್ತದೆ, ಮಂಡಿ ಹಿಡಿದವರಿಗೆ ಅಲ್ಲಿಂದ ಏಳುವುದು ಪ್ರಯಾಸ. ಪೂರ್ತಿ ಚಪ್ಪಟೆ ಮಾಡದೆ ಸ್ವಲ್ಪ ಎತ್ತರದಲ್ಲೇ ನಿಲ್ಲಿಸುವ ಗುಂಡಿಯನ್ನು ಹೊರಡುವ ಮುಂಚೆಯೇ ತೋರಿಸಿಕೊಡಲು ಸಿಬ್ಬಂದಿಯನ್ನು ಕೇಳಿ.

ಲೌಂಜ್, ಬೇಗ ಸಾಗುವ ಸಾಲುಗಳಿಗೆ ಬೆಲೆ ಕಟ್ಟುವಾಗ ಕೈ ಬಿಗಿ ಹಿಡಿಯಿರಿ. ಅನೇಕ ಕ್ರೆಡಿಟ್ ಕಾರ್ಡ್‌ಗಳಿಗೆ ಬೆಂಗಳೂರಿನ 2ನೇ ಟರ್ಮಿನಲ್‌ನಲ್ಲಿ ಲೌಂಜ್ ಪ್ರವೇಶ ಇದೆ. ಇಮಿಗ್ರೇಷನ್ ಸಾಲು ತಪ್ಪಿಸುವ ಸರ್ಕಾರದ ಫಾಸ್ಟ್ ಟ್ರ್ಯಾಕ್ ಯೋಜನೆ 2025ರ ಜನವರಿಯಿಂದ ಬೆಂಗಳೂರಿನಲ್ಲೂ ಇದೆ. ಭಾರತೀಯ ಪಾಸ್‌ಪೋರ್ಟ್ ಇರುವವರು, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡಿನವರು ಉಚಿತವಾಗಿ ನೋಂದಾಯಿಸಿಕೊಳ್ಳಬಹುದು. ಲಗೇಜು ಮಾತ್ರ ಗಟ್ಟಿ ಲಾಭ: ಅಮೆರಿಕಕ್ಕೆ ಎಕಾನಮಿಯಲ್ಲಿ ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆ, ಬಿಸಿನೆಸ್‌ನಲ್ಲಿ 32 ಕಿಲೋದ ಎರಡು.

ಗಗನಸಖಿಯರ ಸೇವೆ: ಯಾವುದಕ್ಕೆ ದುಡ್ಡು, ಯಾವುದು ಕೇಳಿದರೆ ಉಚಿತ

ಕ್ಯಾಬಿನ್ ಸಿಬ್ಬಂದಿಯ ಮೊದಲ ಕೆಲಸ ಸುರಕ್ಷತೆ. ನಿಯಮದ ಪ್ರಕಾರ 50 ಸೀಟಿಗೆ ಕನಿಷ್ಠ ಒಬ್ಬರು ಇರಬೇಕು. ಅರ್ಧದಷ್ಟು ಬಾಗಿಲು ಮಾತ್ರ ತೆರೆದರೂ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರುವಂತಿರಬೇಕು ಎಂಬ ಪರೀಕ್ಷೆ ದಾಟಿದ ಮೇಲೆಯೇ ವಿಮಾನದ ಮಾದರಿಗೆ ಒಪ್ಪಿಗೆ ಸಿಗುವುದು; ಆ 90 ಸೆಕೆಂಡು ನಡೆಸಿಕೊಡುವವರು ಇವರೇ. ಬಿಸಿನೆಸ್‌ನಲ್ಲಿ ಒಬ್ಬರ ಪಾಲಿಗೆ ಬರುವ ಪ್ರಯಾಣಿಕರು ಬಹಳ ಕಡಿಮೆ. ಹೆಸರು ಹಿಡಿದು ಮಾತಾಡಿಸುವುದು, ಬೇಕೆಂದಾಗ ಊಟ ಕೊಡುವುದು, ಹಾಸಿಗೆ ಹಾಸಿಕೊಡುವುದು ಸಾಧ್ಯವಾಗುವುದು ಅದರಿಂದ. ಎಕಾನಮಿಯಲ್ಲಿ ನೀರು ತರಲು ತಡವಾದರೆ ಅದಕ್ಕೆ ಕಾರಣ ಜನಸಂಖ್ಯೆ, ಅಸಡ್ಡೆ ಎಂದು ಮುನಿಸಿಕೊಳ್ಳಬೇಡಿ. ಪ್ರೀಮಿಯಂ ಎಕಾನಮಿಯ ಸೇವೆ ಎಕಾನಮಿಗೆ ಹತ್ತಿರ: ಪಿಂಗಾಣಿ ತಟ್ಟೆ, ಸ್ವಲ್ಪ ಒಳ್ಳೆಯ ಊಟ, ಬೇಗ ಬರುವ ಗಾಡಿ. ಬರೀ ಸೇವೆಗಾಗಿ ಆ ವರ್ಗ ಕೊಳ್ಳುವುದರಲ್ಲಿ ಅರ್ಥವಿಲ್ಲ.

ಎಕಾನಮಿಯಲ್ಲೂ ಕೇಳಿದರೆ ಸಿಗುವುದು ಬಹಳ. ಎರಡು ಊಟಗಳ ನಡುವೆ ಹಿಂದಿನ ಅಡುಗೆ ಮೂಲೆಗೆ ನಡೆದು ಹೋದರೆ ನೀರು, ಜ್ಯೂಸ್, ಬಿಸ್ಕತ್ತು ಸಿಗುತ್ತದೆ. ಬಾಟಲಿ ತುಂಬಿಸಿ ಕೊಡುತ್ತಾರೆ. ಒಯ್ದ ಕಪ್ ಉಪ್ಪಿಟ್ಟಿಗೆ, ಮಗುವಿನ ಹಾಲಿಗೆ ಬಿಸಿನೀರು ಕೊಡುತ್ತಾರೆ, ವಿಮಾನ ಕುಲುಕುವಾಗ ಮಾತ್ರ ಕೊಡುವುದಿಲ್ಲ, ಕೇಳಲೂಬಾರದು. ಇನ್ಸುಲಿನ್ ಇಡಲು ವಿಮಾನದ ಫ್ರಿಜ್ ನಂಬಬೇಡಿ. ತಂಪು ಚೀಲ ನೀವೇ ಒಯ್ದು ಐಸ್ ಕೇಳಿ. ಪೆಟ್ಟಿಗೆಯನ್ನು ಮೇಲಿನ ಗೂಡಿಗೆ ಎತ್ತಿಡುವುದು ಅವರ ಕೆಲಸವೆಂದು ಎಣಿಸಬೇಡಿ. ದಿನವೂ ಎತ್ತಿದರೆ ಅವರ ಬೆನ್ನು ಉಳಿಯುವುದಿಲ್ಲ, ಹಲವು ಕಂಪನಿಗಳು ಎತ್ತಬೇಡಿ ಎಂದೇ ಸೂಚಿಸಿವೆ.

ಊಟದ ವಿಷಯದಲ್ಲಿ ನಮ್ಮವರು ಮೋಸ ಹೋಗುವುದು ‘ವೆಜಿಟೇರಿಯನ್’ ಎಂದಷ್ಟೇ ಗುರುತು ಹಾಕಿ. ಟಿಕೆಟಿನಲ್ಲಿ ಊಟಕ್ಕೆ ಬಳಸುವ ಸಂಕೇತಗಳನ್ನು ತಿಳಿದಿರಿ. ಎವಿಎಂಎಲ್ (AVML) ಎಂದರೆ ಭಾರತೀಯ ಮಸಾಲೆಯ ಸಸ್ಯಾಹಾರ. ಹಾಲು ಮೊಸರು ಇರುತ್ತದೆ. ವಿಜಿಎಂಎಲ್ ಎಂದರೆ ಹಾಲೂ ಇಲ್ಲದ ಸಪ್ಪೆ ಊಟ. ವಿಎಲ್‌ಎಂಎಲ್‌ನಲ್ಲಿ ಮೊಟ್ಟೆ ಬರಬಹುದು. ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗೆ ಜೈನ ಊಟ, ವಿಜೆಎಂಎಲ್. ಹೊರಡುವ ಕನಿಷ್ಠ 24 ಗಂಟೆ ಮುಂಚೆ, ಕೆಲವು ಕಂಪನಿಗಳಲ್ಲಿ ಇನ್ನೂ ಮುಂಚೆ ಹೇಳಬೇಕು. ಎರಡು ಕಂಪನಿಗಳ ಕೂಡುಟಿಕೆಟ್ ಆದರೆ ಎರಡನೆಯ ಕಂಪನಿಗೆ ಈ ಕೋರಿಕೆ ತಲುಪದೆ ಇರುವುದುಂಟು, ಅವರ ಪುಟದಲ್ಲೂ ಪಿಎನ್‌ಆರ್ ಹಾಕಿ ನೋಡಿ. ವಿಶೇಷ ಊಟ ಎಲ್ಲರಿಗಿಂತ ಮೊದಲು ಬರುವುದರಿಂದ ಬೇಗ ತಿಂದು ಮಲಗಲೂ ಅನುಕೂಲ.

ಕನ್ನಡ ಬಿಟ್ಟು ಬೇರೆ ಭಾಷೆ ಬಾರದ ತಂದೆತಾಯಿಯನ್ನು ಒಬ್ಬರನ್ನೇ ಕಳಿಸುವುದಾದರೆ ಪೋಸ್ಟ್‌ಕಾರ್ಡ್ ಅಳತೆಯ ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಬರೆದು ಕೊಡಿ: ಸೀಟ್ ಸಂಖ್ಯೆ, ಊಟದ ಬಗೆ, ಮಾತ್ರೆಯ ಹೊತ್ತು, ಮುಂದಿನ ವಿಮಾನದ ಸಂಖ್ಯೆ, ವೀಲ್‌ಚೇರ್ ಬೇಕು ಎಂಬ ಮಾತು, ಕರೆದುಕೊಳ್ಳಲು ಬರುವವರ ಫೋನ್. ಹತ್ತಿದ ಕೂಡಲೇ ಅದನ್ನು ಸಿಬ್ಬಂದಿಯ ಕೈಗೆ ಕೊಡಲು ಹೇಳಿ. ಬಿಸಿನೆಸ್ ಟಿಕೆಟಿಗಿಂತ ಈ ಚೀಟಿ ಅವರನ್ನು ಹೆಚ್ಚು ನೋಡಿಕೊಳ್ಳುತ್ತದೆ.

ದೇಶದೊಳಗೆ

ಬೆಂಗಳೂರು–ದೆಹಲಿ ಎರಡೂಮುಕ್ಕಾಲು ಗಂಟೆಗೆ ಬಿಸಿನೆಸ್ ಬೇಡ. ಏರ್ ಇಂಡಿಯಾದ ಎ320ಗಳ ಪ್ರೀಮಿಯಂ ಎಕಾನಮಿಯೂ 3-3 ಸಾಲೇ. ಕಾಲಿಗೆ ಸ್ವಲ್ಪ ಜಾಗ ಹೆಚ್ಚು, ಭುಜಕ್ಕೆ ಅಷ್ಟೇ. ಇಂಡಿಗೋ 2024ರ ನವೆಂಬರಿನಲ್ಲಿ ಶುರು ಮಾಡಿದ ಸ್ಟ್ರೆಚ್ ಸೀಟು 2-2, ಅಂತರ 38 ಇಂಚು, ನಿಜಕ್ಕೂ ಅಗಲ. ನಿಮ್ಮ ಆಫೀಸು ದುಡ್ಡು ಕೊಟ್ಟರೆ ಸರಿ.

ಲೆಕ್ಕ ಹಾಕುವ ಬಗೆ

ದುಬೈ ಮೂಲಕ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿಬರುವ ಟಿಕೆಟು ಎಕಾನಮಿಗೆ 1,10,000, ಪ್ರೀಮಿಯಂ ಎಕಾನಮಿಗೆ 1,90,000, ಬಿಸಿನೆಸ್‌ಗೆ 3,90,000 ಎಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳಿ. ಉದ್ದದ ಹಂತ ಸುಮಾರು 16 ಗಂಟೆ, ಎರಡೂ ಕಡೆ ಸೇರಿ 32. ಪ್ರೀಮಿಯಂ ಎಕಾನಮಿಗೆ ಗಂಟೆಗೆ 2,500 ರೂಪಾಯಿ ಹೆಚ್ಚು ಬೀಳುತ್ತದೆ. ಬಿಸಿನೆಸ್‌ನಲ್ಲಿ ಕೊಳ್ಳುವುದು ಎರಡು ರಾತ್ರಿಯ ಹಾಸಿಗೆ, ಒಂದೊಂದಕ್ಕೆ 1,40,000. ಕೆಲಸದ ಸಭೆಗೆ ಹೋಗುವವರು ಒಂದು ದಿನ ಮುಂಚೆ ಹೋಗಿ ಹೋಟೆಲಿನಲ್ಲಿ ಮಲಗಿದರೆ ಇದರ ಸಣ್ಣ ಪಾಲಿಗೆ ಮುಗಿಯುತ್ತದೆ. ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ಕಾಲು ಇಳಿಬಿಟ್ಟರೆ ಊದುವವರು ಈ ಲೆಕ್ಕದ ಹೊರಗೆ. ಅವರಿಗೆ ಹಾಸಿಗೆ ಅಗತ್ಯವೇ ಆಗಬಹುದು, ವೈದ್ಯರನ್ನು ಕೇಳಿ ನಿರ್ಧರಿಸಿ.

ಎರಡೂ ದಿಕ್ಕಿಗೆ ಒಂದೇ ವರ್ಗ ಬೇಕಿಲ್ಲ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟು ಜರ್ಮನಿ ಮುಟ್ಟುವುದು ರಾತ್ರಿಯ ಪಯಣ. ಅಲ್ಲಿಂದ ಮಧ್ಯಾಹ್ನ ಹೊರಟು ಇಲ್ಲಿಗೆ ನಡುರಾತ್ರಿಗೆ ಬರುವುದು ಹಗಲಿನದು, ಇಳಿದ ಮೇಲೆ ಮನೆಯಲ್ಲೇ ಮಲಗಬಹುದು. ಹೋಗುವಾಗ ಮಾತ್ರ ಮೇಲಿನ ವರ್ಗ ತೆಗೆದುಕೊಳ್ಳಿ. ಬೆಂಗಳೂರಿನಿಂದ ಬೆಳಗ್ಗೆ ಹೊರಡುವ ಲಂಡನ್ ವಿಮಾನಕ್ಕೆ ಇದು ತಿರುವುಮುರುವು.

ತೆರಿಗೆಯನ್ನೂ ಸೇರಿಸಿ. 2025ರ ಸೆಪ್ಟೆಂಬರ್ 22ರಿಂದ ಎಕಾನಮಿಗೆ ಜಿಎಸ್‌ಟಿ ಶೇ 5, ಉಳಿದ ವರ್ಗಗಳಿಗೆ ಶೇ 18. ಇವಕ್ಕೆ ಮೊದಲು ಶೇ 12 ಇತ್ತು. ನೀವು ಕೆಲಸ ಮಾಡುವ ಕಂಪನಿಯ ಜಿಎಸ್‌ಟಿ ಸಂಖ್ಯೆ ಕೊಟ್ಟು ತೆಗೆದರೆ ಇನ್‌ಪುಟ್ ಕ್ರೆಡಿಟ್ ಸಿಗುತ್ತದೆ (ಕಟ್ಟಿದ ಜಿಎಸ್‌ಟಿಯನ್ನು ಆ ಕಂಪನಿ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು), ಮನೆಮಂದಿಗೆ ಸಿಗುವುದಿಲ್ಲ.

ಹಲವು ಕಂಪನಿಗಳು ಹೊರಡುವ ಕೆಲವು ದಿನ ಮುಂಚೆ ಅಪ್‌ಗ್ರೇಡಿಗೆ, ಅಂದರೆ ಮೇಲಿನ ವರ್ಗದ ಸೀಟಿಗೆ, ಬಿಡ್ ಕರೆಯುತ್ತವೆ. ಬಿಡ್ ಮೊತ್ತ ಸಾಮಾನ್ಯವಾಗಿ ಒಬ್ಬರಿಗೆ, ಒಂದು ಹಂತಕ್ಕೆ. ನಾಲ್ಕು ಜನರ ಟಿಕೆಟಿಗೆ ನಾಲ್ಕು ಪಟ್ಟು. ಉದ್ದದ ಹಂತಕ್ಕೆ ಮಾತ್ರ ಹಾಕಿ. ಗೆದ್ದರೂ ಲಗೇಜು ಹೆಚ್ಚಾಗಿ ಹಳೆಯ ಟಿಕೆಟಿನಷ್ಟೇ ಉಳಿಯುತ್ತದೆ, ಮೊದಲೇ ಸೀಟಿಗೆ ಕಟ್ಟಿದ ದುಡ್ಡು ವಾಪಸ್ ಬರದೆ ಹೋಗಬಹುದು. ಬಿಡ್ ಹಾಕುವ ಇರಾದೆ ಇದ್ದರೆ ಆ ಸೀಟು ಕೊಳ್ಳುವುದನ್ನು ತಡೆಹಿಡಿಯಿರಿ. ಮಕ್ಕಳಿರುವವರು ಪಕ್ಕದ ಸೀಟಿಗಾಗಿ ದುಡ್ಡು ಕಟ್ಟುವ ಮುಂಚೆ ತಿಳಿದಿರಲಿ: 12 ವರ್ಷದೊಳಗಿನ ಮಗುವಿಗೆ ಅದೇ ಪಿಎನ್‌ಆರ್‌ನಲ್ಲಿರುವ ತಂದೆ ಅಥವಾ ತಾಯಿಯ ಪಕ್ಕ ಸೀಟು ಕೊಡಬೇಕೆಂದು ದೇಶದ ವಿಮಾನಯಾನ ನಿಯಂತ್ರಕ ಡಿಜಿಸಿಎ 2024ರ ಏಪ್ರಿಲ್‌ನಲ್ಲಿ ವಿಮಾನ ಕಂಪನಿಗಳಿಗೆ ಹೇಳಿದೆ.

ಕೊಂಡದ್ದು ಸಿಗದಿದ್ದರೆ

ಸೀಟಿನ ಮೋಟಾರು ಕೆಟ್ಟಿದ್ದರೆ, ಟಿವಿ ಹತ್ತದಿದ್ದರೆ ಬಾಗಿಲು ಮುಚ್ಚುವ ಮುಂಚೆಯೇ ಹೇಳಿ. ಆಗ ಸೀಟು ಬದಲಿಸಲು ದಾರಿ ಇರುತ್ತದೆ. ಟಿವಿ ಒಂದನ್ನೇ ರೀಸೆಟ್ ಮಾಡಬಹುದು. ಸರಿಯಾಗದಿದ್ದರೆ ಸಿಬ್ಬಂದಿಯ ದಾಖಲೆಯಲ್ಲಿ ಬರೆಸಿ, ಫೋಟೋ ತೆಗೆದಿಡಿ.

ವಿಮಾನವೇ ಬದಲಾಗಿ ಮೇಲಿನ ವರ್ಗದಿಂದ ಕೆಳಗಿನದಕ್ಕೆ ಕೂರಿಸಿದರೆ ಅದಕ್ಕೆ ನಿಗದಿಯಾದ ಪರಿಹಾರವಿದೆ. 2023ರ ಫೆಬ್ರುವರಿ 15ರಿಂದ ಜಾರಿಯಲ್ಲಿರುವ ಡಿಜಿಸಿಎ ನಿಯಮದಂತೆ ದೇಶೀಯ ಹಾರಾಟಕ್ಕೆ ತೆರಿಗೆ ಸೇರಿ ಟಿಕೆಟ್ ಮೊತ್ತದ ಶೇ 75 ವಾಪಸ್ ಬರಬೇಕು. ಅಂತಾರಾಷ್ಟ್ರೀಯ ಹಾರಾಟಕ್ಕೆ 1,500 ಕಿಲೋಮೀಟರ್ ತನಕ ಶೇ 30, 3,500ರ ತನಕ ಶೇ 50, ಅದಕ್ಕೂ ದೂರಕ್ಕೆ ಶೇ 75. ಯುರೋಪ್ ಒಕ್ಕೂಟದ ಇಸಿ 261 ನಿಯಮದಲ್ಲೂ 30, 50, 75ರ ಮೆಟ್ಟಿಲಿದೆ. ಅಲ್ಲಿಂದ ಹೊರಡುವ ಎಲ್ಲ ಕಂಪನಿಗಳಿಗೂ, ಅಲ್ಲಿಗೆ ಹೋಗುವ ಯುರೋಪಿನ ಕಂಪನಿಗಳಿಗೂ ಅದು ಅನ್ವಯ. ಗೇಟಿನಲ್ಲಿ ವೋಚರ್ ಕೊಟ್ಟು ಸಹಿ ಕೇಳಿದರೆ ಆತುರ ಪಡಬೇಡಿ. ಹಳೆಯ ಮತ್ತು ಹೊಸ ಬೋರ್ಡಿಂಗ್ ಪಾಸ್ ಎರಡನ್ನೂ ಇಟ್ಟುಕೊಂಡು ಮೊದಲು ಕಂಪನಿಗೆ ಬರವಣಿಗೆಯಲ್ಲಿ ದೂರು ಕೊಡಿ, ಉತ್ತರ ಬಾರದಿದ್ದರೆ ಅದೇ ಕಾಗದಗಳೊಂದಿಗೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾ ಪೋರ್ಟಲ್‌ನಲ್ಲಿ ದಾಖಲಿಸಿ.